ಸುಕ್ರಿ ಈದ ದಿನ

ಬಸ್ಸಿಳಿದು ಪಶು ಆಸ್ಪತ್ರೆಯ ಕಡೆ ತಿರುಗುವಾಗಲೇ ಅದರ ಜಗಲಿಯ ಮೇಲೆ ಒಬ್ಬ ಹೆಂಗಸು ನಿಂತಿರುವುದು ಕಾಣಿಸಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಮೊಣಕೈವರೆಗೆ ಮೆತ್ತಿದ್ದ ಸಗಣಿಯನ್ನು ತೊಳೆಯಲೂ ಪುರಸೊತ್ತಿಲ್ಲದೆ ಬಂದಿದ್ದಳು. ನನ್ನನ್ನು ನೋಡಿದ್ದೇ ಜಗಲಿಯಿಂದ ಇಳಿದು ಎದುರಿಗೇ ಬಂದಳು.

“ಡಾಕ್ಟ್ರಮ್ಮ, ನಮ್ ಸುಕ್ರಿ ಈಯಕ್ಕಾಗ್ದೆ ಒದ್ದಾಡ್ತಾವಳೆ. ಕಾಲೆರಡೂ ಕಾಣ್ತವೆ, ಅದ್ರಾಚೆ ಒಂದಂಗ್ಲ ಬರ್ತಿಲ್ಲ. ವಸಿ ಬೇಗ ಬನ್ನಿ.”

ಸುಕ್ರಿ ನನಗೆ ಚೆನ್ನಾಗಿ ಗೊತ್ತಿದ್ದ ಕಡಸು. ಶುಕ್ರವಾರ ಹುಟ್ಟಿದ್ದರಿಂದ ಆ ಹೆಸರು. ಕೆಂಪು ಮೈ, ಗಿಡ್ಡ ಕಾಲು, ಅಪ್ಪಟ ನಾಟಿ ತಳಿ. ಎಪ್ಪತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ಸೀಮೆ ಹೋರಿಯ ವೀರ್ಯವನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿ ತರಿಸಿ ನಾಟಿ ಹಸುಗಳಿಗೆ ಕೊಡುವ ಕೆಲಸ ರಾಜಾನುಕುಂಟೆಯ ಸುತ್ತಮುತ್ತ ಆಗಷ್ಟೇ ಶುರುವಾಗಿತ್ತು. ಹಳ್ಳಿಯವರು ಅದಕ್ಕೆ ‘ಸೂಜಿ ಹಾಕಿಸೋದು’ ಎನ್ನುತ್ತಿದ್ದರು. ಹೋರಿಯ ಮುಖವನ್ನೇ ನೋಡದೆ ಹಸು ಗಬ್ಬವಾಗುವುದೆಂದರೆ ಅವರಿಗೆ ನಗು. ಆ ಊರಿನಲ್ಲಿ ನಗದೆ ನನ್ನ ಮಾತು ಕೇಳಿಸಿಕೊಂಡವಳು ಈಕೆ ಒಬ್ಬಳೇ. ಗಂಡ ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದ. ಮನೆ, ಹೊಲ, ಕೊಟ್ಟಿಗೆ ಎಲ್ಲವೂ ಇವಳ ಕೈಯಲ್ಲಿತ್ತು. “ನಗೋರು ನಗ್ಲಿ, ಸೂಜಿ ಆಕಿ ಡಾಕ್ಟ್ರಮ್ಮ” ಎಂದು ಸುಕ್ರಿಯನ್ನು ತಂದು ನಿಲ್ಲಿಸಿದ್ದಳು. ಸೂಜಿ ಹಾಕಿದವಳು ನಾನೇ. ಅಂದಿನಿಂದ ಊರಿಗೆ ಊರೇ ಸುಕ್ರಿಯ ಹೊಟ್ಟೆಯ ಮೇಲೆ ಕಣ್ಣಿಟ್ಟು ಕೂತಿತ್ತು. ಇದು ನೆಟ್ಟಗಾದರೆ ತಾವೂ ಹಾಕಿಸೋಣ, ಕೆಟ್ಟರೆ ಡಾಕ್ಟ್ರಮ್ಮನನ್ನು ಊರ ಬಾಗಿಲಿಗೂ ಸೇರಿಸುವುದು ಬೇಡ ಎಂಬುದು ಅವರ ಲೆಕ್ಕಾಚಾರ.

ಕಾಂಪೌಂಡರು ಸೈಕಲ್ಲಿನ ಹಿಂದೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಮುಂದೆ ಹೋದರು. ನಾವಿಬ್ಬರೂ ರಾಗಿ ಕೊಯ್ದ ಹೊಲಗಳ ನಡುವೆ ಬದುವಿನ ಮೇಲೆ ಓಡುನಡಿಗೆಯಲ್ಲಿ ಹೊರಟೆವು. ಕಾಂಪೌಂಡರು ಯಲಹಂಕದವರು, ನನಗಿಂತ ಎರಡು ಪಟ್ಟು ವಯಸ್ಸು, ಸ್ವಭಾವತಃ ಹೆದರುಪುಕ್ಕಲರು. ಆದರೆ ಅವರು ಕುದಿಸಿ ಕೊಟ್ಟ ಸಿರಿಂಜಿನ ಬಗ್ಗೆ ಯಾರೂ ಎರಡನೇ ಮಾತು ಆಡುವ ಹಾಗಿರಲಿಲ್ಲ.

ಕೊಟ್ಟಿಗೆಯ ಮುಂದಿನ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಸುಕ್ರಿಯನ್ನು ಕಟ್ಟಿದ್ದರು. ಬಾಲದ ಬುಡದಲ್ಲಿ ಎರಡು ಬಿಳಿಯ ಗೊರಸುಗಳು ಇಣುಕುತ್ತಿದ್ದವು. ಪಕ್ಕದಲ್ಲಿ ಒದ್ದೆ ಹಗ್ಗ ಬಿದ್ದಿತ್ತು. ಮನೆಯಾಕೆಯ ಮೈದುನ ಮತ್ತು ಪಕ್ಕದ ಮನೆಯ ಒಬ್ಬ ಗಟ್ಟಿಮುಟ್ಟಾದ ರೈತ ಬೆಳಗಿನಿಂದ ಎಳೆದೂ ಎಳೆದೂ ಸುಸ್ತಾಗಿ ಕೂತಿದ್ದರು.

“ಸೂಜಿ ಕರು ಬ್ಯಾಡ ಅಂತ ಆವತ್ತೇ ಏಳ್ದೆ,” ಎಂದ ಮೈದುನ, ನನಗೆ ಕೇಳಿಸಲಿ ಎಂದೇ. “ಗುಬ್ಬಚ್ಚಿ ಒಟ್ಟೆನಾಗೆ ಅದ್ದಿನ ಮೊಟ್ಟೆ ಇಟ್ಟಂಗಾತು.”

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ತೋಳು ತೊಳೆದು, ಸೋಪು ಹಚ್ಚಿಕೊಂಡು ಒಳಗೆ ಕೈ ಹಾಕಿದೆ. ಕರು ಸರಿಯಾದ ಭಂಗಿಯಲ್ಲೇ ಇತ್ತು. ಮುಂಗಾಲೆರಡು, ಅವುಗಳ ಮೇಲೆ ತಲೆ. ಆದರೆ ಹಣೆ ತಾಯಿಯ ಸೊಂಟದ ಮೂಳೆಯ ಉಂಗುರಕ್ಕೆ ಅಡ್ಡವಾಗಿ, ಸಣ್ಣ ಬಾಗಿಲಲ್ಲಿ ದೊಡ್ಡ ಮಂಚದ ಹಾಗೆ ಸಿಕ್ಕಿಕೊಂಡಿತ್ತು. ಹರಳೆಣ್ಣೆ ಹಾಕಿ ದಾರಿ ಜಾರುವಂತೆ ಮಾಡಿದೆ. ಇಬ್ಬರನ್ನೂ ಎಬ್ಬಿಸಿ, ಸುಕ್ರಿ ತಿಣುಕಿದಾಗ ಮಾತ್ರ ಎಳೆಯುವಂತೆ ಹೇಳಿದೆ. ನಮ್ಮ ಪಾಠದಲ್ಲಿ ಒಂದು ನಿಯಮವಿತ್ತು. ಇಬ್ಬರು ಗಂಡಸರು ಎಳೆದರೂ ಕರುವಿನ ತಲೆ ಮೂಳೆಯ ಉಂಗುರ ದಾಟದಿದ್ದರೆ ಮತ್ತೆ ಎಳೆಯಬಾರದು. ಎಳೆದರೆ ತಾಯಿ ಹರಿದುಹೋಗುತ್ತದೆ. ತಲೆ ದಾಟಲಿಲ್ಲ.

ಕರು ಸತ್ತಿರಬೇಕು ಎಂದುಕೊಂಡೇ ಅದರ ಬಾಯೊಳಗೆ ಬೆರಳಿಟ್ಟೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಆ ಬೆಚ್ಚನೆಯ ಕತ್ತಲೆಯಲ್ಲಿ ಒಂದು ಸಣ್ಣ ನಾಲಿಗೆ ನನ್ನ ಬೆರಳನ್ನು ಸುತ್ತಿ ಚೀಪಿತು.

ಸತ್ತ ಕರುವಾಗಿದ್ದರೆ ದಾರಿ ನನಗೆ ಗೊತ್ತಿತ್ತು. ಒಳಗೇ ತುಂಡು ಮಾಡಿ ತೆಗೆದು ತಾಯಿಯನ್ನು ಉಳಿಸುವುದು. ಮನಸ್ಸಿಗೆ ಹಿತವಾದ ಕೆಲಸವಲ್ಲ, ಆದರೆ ಕೈಗೆ ಅಭ್ಯಾಸವಿತ್ತು. ಚೀಪುವ ಕರುವಿಗೆ ಹಾಗೆ ಮಾಡುವುದು ಹೇಗೆ? ಉಳಿದದ್ದು ಒಂದೇ. ತಾಯಿಯ ಪಕ್ಕೆ ಕೊಯ್ದು ಕರುವನ್ನು ಹೊರತೆಗೆಯಬೇಕು. ಓದುವಾಗ ಅಂಥ ಆಪರೇಷನ್ನುಗಳಲ್ಲಿ ನಾನು ನಮ್ಮ ಪ್ರೊಫೆಸರರ ಪಕ್ಕದಲ್ಲಿ ನಿಂತಿದ್ದೆ. ಗರ್ಭಕೋಶ ಹಿಡಿದಿದ್ದೆ, ದಾರ ಕತ್ತರಿಸಿದ್ದೆ, “ಹ್ಞೂ ಸರ್” ಎಂದಿದ್ದೆ. ಕೊಯ್ಯುವ ಚಾಕು ಮಾತ್ರ ಯಾವತ್ತೂ ಅವರ ಕೈಯಲ್ಲಿತ್ತು.

“ಸರ್‌ನ ಕರೆಸೋಣ,” ಎಂದೆ ಕಾಂಪೌಂಡರಿಗೆ. ಅವರ ಮುಖ ಅರಳಿತು.

ಅವರ ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂತು ಅಂಚೆ ಕಚೇರಿಗೆ ಹೋದೆ. ಪೋಸ್ಟ್‌ಮಾಸ್ತರರು ಫೋನನ್ನು ನನ್ನ ಕಡೆ ತಿರುಗಿಸಿ ತಾವು ಮರ್ಯಾದೆಗೆಂದು ಹೊರಗೆ ನಿಂತರು. ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಲೈನು ಸಿಕ್ಕಲು ಬಹಳ ಹೊತ್ತು ಹಿಡಿಯಿತು. ಆ ಕಡೆಯಿಂದ ಜವಾನನ ದನಿ ಬಂತು.

“ಸರ್ ಹುಡುಗರನ್ನ ಕರ್ಕೊಂಡು ಬಾಗಲೂರು ಕಡೆ ಕ್ಯಾಂಪಿಗೆ ಹೋಗವ್ರೆ ಮೇಡಂ. ವ್ಯಾನೂ ಅವ್ರ ಜೊತೇಲೇ. ಸಾಯಂಕಾಲ ಸಿಕ್ತಾರೆ, ಏನಾದ್ರೂ ಹೇಳ್ಬೇಕಾ?”

ಸಾಯಂಕಾಲ ಮತ್ತೆ ಮಾಡುತ್ತೇನೆ ಎಂದು ಫೋನು ಇಟ್ಟೆ.

ವಾಪಸು ಬರುವಾಗ ಕಾಂಪೌಂಡರು ತುಳಿಯುತ್ತಲೇ ಹೇಳಿದರು, “ಸಾಯಂಕಾಲದವರೆಗೂ ಕಾಯೋಣ ಮೇಡಂ. ಸರ್ ಬಂದ್ಮೇಲೆ ಅವ್ರೇ ನೋಡ್ಕೋತಾರೆ. ನಾವ್ ಕೈ ಹಾಕಿ ಏನಾದ್ರೂ ಆದ್ರೆ ಆಮೇಲೆ ಊರೋರು ನಮ್ಮನ್ನ ಸುಮ್ನೆ ಬಿಡ್ತಾರಾ?”

ಒಳ್ಳೆಯ ಮಾತು ಎನ್ನಿಸಿತು. ನನ್ನ ಮನಸ್ಸೂ ಅದನ್ನೇ ಹೇಳಿಸಿಕೊಳ್ಳಲು ಕಾಯುತ್ತಿತ್ತು. ಹಾಗೆ ಸ್ವಲ್ಪ ದೂರ ಬಂದೆವು. ದಾರಿಯಲ್ಲಿ ರಾಗಿ ತೆನೆಯ ಕಂತೆಗಳನ್ನು ಹರಡಿ, ಎತ್ತು ಕಟ್ಟಿ ಕಲ್ಲುಗುಂಡು ಹೊಡೆಯುತ್ತಿದ್ದರು. ಸೈಕಲ್ಲು ಇಳಿದು ಬದಿಯಿಂದ ನಡೆಯಬೇಕಾಯಿತು. ನಡೆಯುತ್ತಾ ನಾನು ಮನಸ್ಸಿನಲ್ಲಿ ಒಂದೊಂದನ್ನೇ ಇಟ್ಟು ನೋಡಿದೆ. ಕೊಯ್ದರೆ ತಾಯಿ ಉಳಿಯುತ್ತದೋ ಇಲ್ಲವೋ, ಗೊತ್ತಿಲ್ಲ. ಕರು ಉಳಿಯುತ್ತದೋ, ಗೊತ್ತಿಲ್ಲ. ಲಾರಿ ಹುಡುಕಿ ಹೆಬ್ಬಾಳಕ್ಕೆ ಸಾಗಿಸಿದರೆ ದಾರಿಯಲ್ಲಿ ಏನಾಗುತ್ತದೋ, ಅದೂ ಗೊತ್ತಿಲ್ಲ. ಸಾಯಂಕಾಲದವರೆಗೆ ಕಾದರೆ ಏನಾಗುತ್ತದೆ ಎಂಬುದೊಂದೇ ಅನುಮಾನಕ್ಕೆ ಜಾಗವಿಲ್ಲದಂತೆ ಗೊತ್ತಿತ್ತು. ಬೆರಳು ಚೀಪಿದ ನಾಲಿಗೆ ಅಷ್ಟು ಹೊತ್ತು ಇರುವುದಿಲ್ಲ.

ಮತ್ತೆ ಕ್ಯಾರಿಯರ್ ಏರಿ, “ನಡೀರಿ, ಲಗೂ ತುಳೀರಿ,” ಎಂದೆ. “ನಾವ ಮಾಡೋಣು.”

ನಾನು ಗದಗಿನ ಕಡೆಯವಳು. ಹೆಬ್ಬಾಳದಲ್ಲಿ ಓದುವ ವರ್ಷಗಳಲ್ಲಿ ಬೆಂಗಳೂರು ಕನ್ನಡ ಚೆನ್ನಾಗಿ ರೂಢಿಯಾಗಿತ್ತು. ಆದರೆ ಎದೆ ಹೊಡೆದುಕೊಳ್ಳುವಾಗ ಬಾಯಿಂದ ಬರುತ್ತಿದ್ದುದು ಊರ ಮಾತೇ. ಕಾಂಪೌಂಡರಿಗೆ ಅದು ಗೊತ್ತಿತ್ತು. ಅವರು ಹಿಂತಿರುಗಿ ನನ್ನ ಮುಖ ನೋಡಿ, ಜೋರಾಗಿ ತುಳಿದರು.

ಅಂಗಳಕ್ಕೆ ಬಂದು ಮನೆಯಾಕೆಗೆ ವಿಷಯ ಹೇಳಿದೆ. ಪಕ್ಕೆಯಲ್ಲಿ ಕೊಯ್ಯಬೇಕು, ನಿಂತ ಹಾಗೆಯೇ ಕೊಯ್ಯಬೇಕು, ಆಮೇಲೆ ಹೊಲಿಯಬೇಕು.

“ಬದುಕ್ತಾಳಾ?” ಎಂದಳು.

“ಗೊತ್ತಿಲ್ರಿ. ನಾ ಒಬ್ಬಾಕೀನ ಇದನ್ನ ಎಂದೂ ಮಾಡಿಲ್ಲ.”

ಕಾಂಪೌಂಡರು ಹಿಂದಿನಿಂದ ಕೆಮ್ಮಿದರು. ಅದನ್ನೇಕೆ ಹೇಳಿದಿರಿ ಎಂಬಂತಿತ್ತು.

“ಮಾಡ್ದೇ ಇದ್ರೆ?”

“ಕರು ಸಂಜಿ ತನಕ ಉಳಿಯಂಗಿಲ್ಲ. ಸುಕ್ರೀದೂ ಹೇಳಾಕ ಆಗಂಗಿಲ್ಲ.”

ಮೈದುನ ಎದ್ದು ನಿಂತ. “ಅತ್ಗೆ, ಅಣ್ಣ ಬರ್ಲಿ. ಅವ್ನ್ನ ಕೇಳ್ದೆ ಒಟ್ಟೆ ಕುಯ್ಯದು ಅಂದ್ರೇನು?”

“ನಿಮ್ಮಣ್ಣ ಬರೋದು ಪಾಳಿ ಮುಗುದ್ಮ್ಯಾಲೆ. ಅಲ್ಲೀಗಂಟ ಸುಕ್ರಿ ನಿಂತ್ಕಂಡು ಕಾಯ್ತಾಳಾ?” ಎಂದಳು ಆಕೆ. ಆಮೇಲೆ ನನ್ನ ಕಡೆ ತಿರುಗಿದಳು. ಹೆದರಿದ್ದಳು, ಆದರೂ ಅವಳ ಮುಖದಲ್ಲಿ ನಗುವಿನಂಥ ಏನೋ ಇತ್ತು. “ನನ್ ಮೊದ್ಲ ಎರಿಗೆನಾಗೆ ಬಂದಿದ್ ನರ್ಸಮ್ಮನೂ ಇಂಗೇ ಅಂದ್ಲು. ನನ್ಗೂ ಒಸ್ದು, ನಿನ್ಗೂ ಒಸ್ದು, ಇಬ್ರೂ ಸೇರಿ ನೋಡಾನ ಅಂತ. ಅವತ್ತು ಉಟ್ಟಿದ್ ಮಗ ಈಗ ಇಸ್ಕೂಲ್ನಾಗೆ ಮೇಷ್ಟ್ರಿಗೇ ಎದ್ರು ಮಾತಾಡ್ತಾನೆ. ಕುಯ್ಯಿ ಡಾಕ್ಟ್ರಮ್ಮ, ನೋಡಾನ.”

ಆಮೇಲೆ ಮೈದುನನಿಗೆ, “ಓಗು, ಅಂಡೆ ಒಲೆಗೆ ಸೌದೆ ಆಕು” ಎಂದಳು. ಅವನು ಗೊಣಗುತ್ತಲೇ ಹೋದ.

ಅಲ್ಲಿಂದ ಮುಂದೆ ಕೈಗೆ ಕೆಲಸ ಸಿಕ್ಕಿತು. ಸ್ನಾನದ ಹಂಡೆಯಲ್ಲಿ ನೀರು ಮರಳಿತು. ಕಾಂಪೌಂಡರು ಚಾಕು, ಕತ್ತರಿ, ಚಿಮುಟ, ಸೂಜಿಗಳನ್ನು ಒಂದು ತಪ್ಪಲೆಯಲ್ಲಿ ಕುದಿಸಿದರು. ಮನೆಯಾಕೆ ಪೆಟ್ಟಿಗೆಯಿಂದ ಗಂಡನ ಹೊಸ ಪಂಚೆಯನ್ನೇ ತೆಗೆದುಕೊಟ್ಟಳು. ಅದನ್ನೂ ಕುದಿಸಿ ಹಿಂಡಿ, ನಡುವೆ ಒಂದು ಕಿಂಡಿ ಕತ್ತರಿಸಿದೆವು. ಸುಕ್ರಿಯ ಎಡ ಪಕ್ಕೆಗೆ ಸೋಪಿನ ನೊರೆ ಹಚ್ಚಿ, ಬ್ಲೇಡಿನಿಂದ ಕೂದಲು ತೆಗೆದು, ತೊಳೆದು, ಸ್ಪಿರಿಟ್ಟು, ಆಮೇಲೆ ಅಯೋಡಿನ್ನು ಬಳಿದೆ. ಕೆಂಪು ಹಸುವಿನ ಮೈಯಲ್ಲಿ ಆ ಜಾಗ ಬೆಳಗಿದ ತಾಮ್ರದ ತಟ್ಟೆಯಂತೆ ಕಾಣುತ್ತಿತ್ತು.

ಎಡ ಪಕ್ಕೆಯೇ ಯಾಕೆಂದರೆ ಆ ಕಡೆ ಹಸುವಿನ ಮೇವು ತುಂಬುವ ದೊಡ್ಡ ಹೊಟ್ಟೆ ಇರುತ್ತದೆ. ಅದು ಗೋಡೆಯಂತೆ ನಿಂತು ಕರುಳು ಹೊರಗೆ ನುಗ್ಗದಂತೆ ತಡೆಯುತ್ತದೆ. ಮೊದಲು ಬಾಲದ ಬುಡದಲ್ಲಿ ಬೆನ್ನುಮೂಳೆಗಳ ಸಂದಿಗೆ ಒಂದು ಇಂಜೆಕ್ಷನ್ನು, ಸುಕ್ರಿ ತಿಣುಕುವುದು ನಿಲ್ಲಲಿ ಎಂದು. ಆಮೇಲೆ ಪಕ್ಕೆಯ ಮೇಲಂಚಿಗೆ ಮತ್ತು ಮುಂದಿನ ಅಂಚಿಗೆ ಸಾಲಾಗಿ ಮರಗಟ್ಟಿಸುವ ಔಷಧಿ. ಸ್ವಲ್ಪ ಹೊತ್ತು ಬಿಟ್ಟು ಸೂಜಿಯಿಂದ ಚುಚ್ಚಿ ನೋಡಿದೆ. ಸುಕ್ರಿ ತನ್ನ ಪಾಡಿಗೆ ಹುಲ್ಲಿನ ಎಳೆಯೊಂದನ್ನು ಬಾಯಲ್ಲಿ ಆಡಿಸುತ್ತಿತ್ತು.

ಚಾಕು ಕೈಗೆ ಬಂತು. ಚರ್ಮಕ್ಕೆ ತಾಗಿಸಿದವಳು ಹಾಗೇ ನಿಂತುಬಿಟ್ಟೆ. ಅಂಗಳದಲ್ಲಿ ಅಷ್ಟರಲ್ಲಿ ಅರ್ಧ ಊರು ಸೇರಿತ್ತು. ಪಕ್ಕದಲ್ಲಿ ಯಾರಾದರೂ “ಹ್ಞಾ, ಅಲ್ಲೇ” ಎನ್ನಲಿ ಎಂದು ನನ್ನ ಕಿವಿ ಕಾಯುತ್ತಿತ್ತು. ಹಾಗೆ ಹೇಳುವವರು ಯಾರೂ ಅಲ್ಲಿರಲಿಲ್ಲ.

ಒತ್ತಿದೆ. ಚರ್ಮದ ಮೇಲೆ ಬೆಕ್ಕು ಪರಚಿದಂಥ ಒಂದು ಗೆರೆ ಬಂತು, ಅಷ್ಟೇ. ಹಸುವಿನ ಚರ್ಮ ನಾನಂದುಕೊಂಡಿದ್ದಕ್ಕಿಂತ ಬಹಳ ದಪ್ಪ. ಎರಡನೆಯ ಸಲ ಭುಜದ ಬಲವನ್ನೆಲ್ಲ ಹಾಕಿ ಮೇಲಿಂದ ಕೆಳಕ್ಕೆ ಎಳೆದೆ. ಈ ಸಲ ಚರ್ಮ ತೆರೆದುಕೊಂಡಿತು. ಅದರಡಿಯ ಮಾಂಸದ ಮೂರು ಪದರಗಳು, ಒಂದೊಂದರ ಎಳೆಯೂ ಒಂದೊಂದು ದಿಕ್ಕಿಗೆ. ಕೊನೆಗೆ ತೆಳ್ಳನೆಯ ಬಿಳಿ ಪೊರೆ. ಅದಕ್ಕೆ ಕತ್ತರಿ ತಾಗಿದ್ದೇ ‘ಸುಸ್’ ಎಂದು ಗಾಳಿ ಒಳಗೆ ಹೋಯಿತು. ಗುಂಪಿನಲ್ಲಿ ಯಾರೋ “ಶಿವನೇ” ಎಂದರು. ಪಕ್ಕದ ಮನೆಯ ಗಟ್ಟಿಮುಟ್ಟಾದ ರೈತ ಹಗ್ಗ ಕೆಳಗಿಟ್ಟು, ತುಂಬ ಮರ್ಯಾದೆಯಿಂದ ನೆಲದ ಮೇಲೆ ಮಲಗಿಕೊಂಡ. ಅವನಿಗೆ ತಲೆ ಸುತ್ತಿತ್ತು. ಯಾರೋ ಇಬ್ಬರು ಎಳೆದು ನೆರಳಿಗೆ ಹಾಕಿದರು.

ಬಲಗೈಯನ್ನು ಭುಜದವರೆಗೂ ಒಳಗೆ ಕಳಿಸಿದೆ. ದೊಡ್ಡ ಹೊಟ್ಟೆಯನ್ನು ಮುಂದಕ್ಕೆ ತಳ್ಳಿ, ಅದರ ಕೆಳಗೆ ಗರ್ಭಕೋಶವನ್ನು ಹುಡುಕಿದೆ. ಅದರ ಗೋಡೆಯ ಮೂಲಕ ಕರುವಿನ ಹಿಂಗಾಲಿನ ಕೀಲು ಕೈಗೆ ಸಿಕ್ಕಿತು. ಅದನ್ನು ಹಿಡಿಕೆಯಂತೆ ಹಿಡಿದು ಎತ್ತಿದೆ. ಬರಲಿಲ್ಲ. ನೀರು ತುಂಬಿದ ಮೂಟೆಯ ಭಾರ. ಕಾಲು ಅಗಲಿಸಿ ನಿಂತು ಮತ್ತೆ ಎತ್ತಿದೆ. ಗಾಯದ ಬಾಯಿಗೆ ಬಂದದ್ದು ಮತ್ತೆ ಜಾರಿತು.

“ಯಾರರ ಒಬ್ರು ಕೈ ತೊಳಕೊಂಡ ಬರ್ರಿ!” ಎಂದೆ.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಆಗಲೇ ಮೊಣಕೈವರೆಗೂ ನೊರೆ ಮಾಡಿಕೊಂಡು ನಿಂತಿದ್ದವಳು ಮನೆಯಾಕೆ.

“ಎಲ್ಲಿ ಇಡ್ಕಳ್ಳಿ, ಏಳು.”

ಮೂರನೆಯ ಸಲ ನಾನು ಎತ್ತಿದೆ, ಆಕೆ ಹಿಡಿದಳು. ಗರ್ಭಕೋಶದ ತುದಿ ಗಾಯದ ಹೊರಗೆ, ಬಿಸಿಲಿನಲ್ಲಿ ತಿಳಿಗುಲಾಬಿ ಬಣ್ಣದಲ್ಲಿ ಹೊಳೆಯಿತು. ಕರುವಿನ ಗೊರಸಿನಿಂದ ಕೀಲಿನವರೆಗೆ, ಒಳಗಿನ ಗುಂಡಿಗಳಂಥ ಗಂಟುಗಳನ್ನು ತಪ್ಪಿಸಿ ಕೊಯ್ದೆ. ಅವು ಹರಿದರೆ ರಕ್ತ ನಿಲ್ಲುವುದಿಲ್ಲ. ಹಿಂಗಾಲೆರಡೂ ಹೊರಗೆ ಬಂದವು. ಹಗ್ಗ ಕಟ್ಟಿ ಮೈದುನನ ಕೈಗೂ ಇನ್ನೊಬ್ಬನ ಕೈಗೂ ಕೊಟ್ಟೆ.

“ಮ್ಯಾಲಕ್ಕ ಜಗ್ರಿ! ಸಾವಕಾಶ! ಸಾವಕಾಶ!”

ನಮ್ಮ ಕಡೆ ಸಾವಕಾಶ ಎಂದರೆ ನಿಧಾನ. ಮೈದುನ ಸುತ್ತ ನೋಡಿ ಕೂಗಿದ, “ಅವಕಾಶ ಎಲ್ಲೈತಮ್ಮ? ಇಂದ್ಗಡೆ ಗ್ವಾಡೆ ಐತಲ್ಲ! ಲೇ, ಜಾಗ ಬಿಡ್ರೋ, ಅವಕಾಶ ಮಾಡ್ಬೇಕಂತೆ!”

ಜನ ಗಡಬಡಿಸಿ ಹಿಂದೆ ಸರಿದರು. ಯಾರದೋ ಕಾಲು ತಗುಲಿ ಕೊಡ ಉರುಳಿತು. ಕಾಂಪೌಂಡರು ಜೀವಮಾನದಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ಕೂಗಿದರು, “ನಿಧಾನಕ್ಕೆ ಅಂತ ಅದರರ್ಥ ಕಣಯ್ಯಾ! ನಿಧಾನಕ್ಕೆಳಿ!”

ಅವರು ನಿಧಾನಕ್ಕೆ ಎಳೆದರು. ಸೊಂಟ, ಬೆನ್ನು, ಪಕ್ಕೆಲುಬುಗಳು, ಕೊನೆಗೆ ಅಷ್ಟು ಹೊತ್ತೂ ಸಿಕ್ಕಿಕೊಂಡಿದ್ದ ಆ ತಲೆ. ಕರು ಪೂರ್ತಿ ಹೊರಗೆ ಜೋತಾಡಿತು. ಬೂದು ಮಿಶ್ರಿತ ಕಂದು ಬಣ್ಣ, ಉದ್ದ ಕಾಲುಗಳು, ಹೆಣ್ಣು ಕರು. ಅಲುಗಾಡುತ್ತಿರಲಿಲ್ಲ.

ನಾನು ಗರ್ಭಕೋಶ ಬಿಟ್ಟು ಹೋಗುವಂತಿರಲಿಲ್ಲ. ನಿಂತಲ್ಲಿಂದಲೇ ಹೇಳಿದೆ. ಕಾಂಪೌಂಡರು ಹಿಂಗಾಲು ಹಿಡಿದು ಕರುವನ್ನು ತಲೆಕೆಳಗಾಗಿ ಎತ್ತಿದರು, ಮೂಗಿನಿಂದ ಲೋಳೆ ಸುರಿಯಿತು. ಬಾಯೊಳಗೆ ಬೆರಳು ಹಾಕಿ ತೆಗೆದರು. ಮೈದುನ ತನ್ನ ಹೆಗಲ ಮೇಲಿನ ಟವೆಲಿನಿಂದಲೇ ಅದರ ಎದೆಯನ್ನು ಉಜ್ಜತೊಡಗಿದ. ಏನೂ ಇಲ್ಲ.

“ಹುಲ್ಲಿನ ಕಡ್ಡಿ ತಗೊಂಡು ಮೂಗಿನಾಗ ಹಾಕ್ರಿ, ಒಳಗ ಆಡಿಸ್ರಿ!”

ಮೈದುನ ಕರುವಿನ ಮುಖಕ್ಕೆ ಮುಖ ಹತ್ತಿರ ತಂದು, ನಾಲಿಗೆ ಕಚ್ಚಿಕೊಂಡು, ಸೂಜಿಗೆ ದಾರ ಪೋಣಿಸುವವನಷ್ಟು ಎಚ್ಚರದಿಂದ ಕಡ್ಡಿಯನ್ನು ತೂರಿಸಿದ. ಒಮ್ಮೆ ಆಡಿಸಿದ. ಇನ್ನೊಮ್ಮೆ ಆಡಿಸಿದ. ಕರು ಇಡೀ ಮೈ ಕುಲುಕಿ, ಅವನ ಮುಖದ ತುಂಬ ಸೀನಿತು.

ಆ ಸೀನಿಗೆ ಬಂದ ಕೂಗು ದೊಡ್ಡಬಳ್ಳಾಪುರದ ರಸ್ತೆಗೂ ಕೇಳಿಸಿರಬೇಕು. ಮೈದುನ ಮುಖ ಒರೆಸಿಕೊಳ್ಳುವುದನ್ನೂ ಮರೆತು, “ಬದುಕವ್ಳೆ! ನನ್ ಮಕಕ್ಕೇ ಸೀನುದ್ಲು!” ಎಂದು ಊರಿಗೆಲ್ಲ ಸಾರಿದ. ಮನೆಯಾಕೆ ಎರಡೂ ಕೈಯಲ್ಲಿ ಗರ್ಭಕೋಶ ಹಿಡಿದು ನಿಂತಿದ್ದಳು. ಕಣ್ಣೀರು ಒರೆಸಿಕೊಳ್ಳಲು ಕೈಯಿಲ್ಲದೆ ಭುಜಕ್ಕೆ ಕೆನ್ನೆ ಉಜ್ಜಿಕೊಂಡಳು.

ನಾನು ಹೊಲಿಗೆಗೆ ಶುರು ಮಾಡಿದೆ. ಗರ್ಭಕೋಶದ ಅಂಚುಗಳನ್ನು ಒಳಕ್ಕೆ ಮಡಚಿ, ಮೈಯಲ್ಲಿ ತಾನಾಗಿ ಕರಗುವ ದಾರದಿಂದ ಒಂದು ಸಾಲು. ಒಳಗಿನ ಒಂದು ಹನಿಯೂ ಹೊಟ್ಟೆಗೆ ಸೋರಬಾರದು. ಅದರ ಮೇಲೆ ಎರಡನೆಯ ಸಾಲು. ಆ ಸಾಲು ಅರ್ಧಕ್ಕೆ ಬಂದಾಗ ಸುಕ್ರಿಯ ಹಿಂಗಾಲುಗಳು ನಡುಗಿದವು.

ಬಿಡುವು ಬೇಕೆನ್ನುವ ನಡುಕ ಅದಲ್ಲ. ಮೊಣಕಾಲು ಮಡಚುತ್ತಿತ್ತು. ಹಸು ಬೀಳುವುದಾದರೆ ಬೀಳಲಿ, ಆದರೆ ಎಡಕ್ಕೆ ಬಿದ್ದರೆ ತೆರೆದ ಗಾಯ ನೇರವಾಗಿ ಮಣ್ಣಿಗೆ. ಓದುವಾಗ ಇದನ್ನು ಕೇಳಿದ್ದೆ, ಕಂಡಿರಲಿಲ್ಲ. ಎತ್ತಿ ನಿಲ್ಲಿಸಲು ನೋಡುವುದೋ, ಮಲಗಿಸುವುದೋ? ಯೋಚಿಸುವಷ್ಟು ಹೊತ್ತು ಇರಲಿಲ್ಲ. ಬೆಳಗಿನಿಂದ ಅಷ್ಟೊಂದು ಯೋಚಿಸಿದ್ದವಳಿಗೆ ಅದೇ ಒಳ್ಳೆಯದಾಯಿತು.

“ಒಳಗ ಹಾಕ್ರಿ!” ಎಂದು ಮನೆಯಾಕೆಗೆ ಹೇಳಿ, ಇಬ್ಬರೂ ಸೇರಿ ಗರ್ಭಕೋಶವನ್ನು ಒಳಕ್ಕೆ ತಳ್ಳಿ ಪಂಚೆಯಿಂದ ಒತ್ತಿ ಹಿಡಿದೆವು. “ಬಲಕ್ಕ ಕೆಡವ್ರಿ! ಬಲಗಡೆಗೆ!”

ಈ ಸಲ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಮೈದುನ ಕರುವನ್ನು ಇನ್ನೊಬ್ಬನ ಮಡಿಲಿಗೆ ಕೊಟ್ಟು ಹಾರಿ ಬಂದು ಕೊಂಬು ಹಿಡಿದ. ನಾಲ್ಕಾರು ಜನ ಬಲಗಡೆಯಿಂದ ಹಗ್ಗ ಎಳೆದರು, ಕೆಲವರು ಹುಲ್ಲಿನ ಕಂತೆಗಳನ್ನು ತಂದು ಸುರಿದರು. ಸುಕ್ರಿ ಹುಲ್ಲಿನ ಮೇಲೆ ಬಲ ಮಗ್ಗುಲಾಗಿ, ದೊಡ್ಡ ನಿಟ್ಟುಸಿರಿನೊಂದಿಗೆ ಕುಸಿಯಿತು. ಗಾಯ ಆಕಾಶಕ್ಕೆ ಮುಖ ಮಾಡಿತ್ತು. ಸೂಜಿ ನನ್ನ ಬೆರಳಲ್ಲೇ ಇತ್ತು.

ಮೊಣಕಾಲೂರಿ ಕೂತು ಮುಂದುವರಿಸಿದೆ. ನಿಜ ಹೇಳಬೇಕೆಂದರೆ ನಿಂತು ಹೊಲಿಯುವುದಕ್ಕಿಂತ ಅದೇ ಸುಲಭವಾಯಿತು. ಎರಡನೆಯ ಸಾಲು ಮುಗಿಸಿ, ಗರ್ಭಕೋಶವನ್ನು ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು ಅದರ ಜಾಗದಲ್ಲಿಟ್ಟೆ. ಹೊಟ್ಟೆಯೊಳಕ್ಕೆ ಪೆನಿಸಿಲಿನ್ನು. ಪೊರೆ, ಮಾಂಸದ ಪದರಗಳು, ಒಂದರ ಮೇಲೊಂದು. ಕಡೆಗೆ ಚರ್ಮಕ್ಕೆ ದಪ್ಪ ನೈಲಾನು. ಆ ದಪ್ಪ ಚರ್ಮದಲ್ಲಿ ಸೂಜಿ ತೂರಿಸುವಾಗ ಬೆರಳುಗಳು ಮರಗಟ್ಟಿದವು. ಕಾಂಪೌಂಡರು ಒಂದು ಹೊಲಿಗೆಗೂ ಕಾಯಿಸದೆ ದಾರ ಪೋಣಿಸಿ ಪೋಣಿಸಿ ಕೊಡುತ್ತಿದ್ದರು. ಕೊನೆಯ ಗಂಟು ಹಾಕಿದಾಗ, “ಸರ್ ಹೊಲಿಗೆಗಿಂತ ನೀಟಾಗಿದೆ ಮೇಡಂ” ಎಂದರು. ಅವರು ಸರ್ ಹೊಲಿಗೆಯನ್ನು ನೋಡಿದವರೇ ಅಲ್ಲ. ಆದರೂ ಖುಷಿಯಾಯಿತು.

ಉಳಿದಿದ್ದ ಭಯ ಒಂದೇ, ಸುಕ್ರಿ ಏಳುತ್ತದೋ ಇಲ್ಲವೋ. ಬೆಲ್ಲದ ನೀರು ಕುಡಿಸಿದೆವು. ಬೆನ್ನಿಗೆ ಹುಲ್ಲು ಕೊಟ್ಟು ಎದೆಯ ಮೇಲೆ ಕೂರಿಸಿದೆವು. ಅದು ಕಣ್ಣು ಅರೆಮುಚ್ಚಿ ಸುಮ್ಮನೆ ಕೂತಿತು. ಜನರ ದನಿ ಮತ್ತೆ ತಗ್ಗಿತು. ಆಗ ಮನೆಯಾಕೆ ಕರುವನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಬಂದು ಅದರ ಮೂಗಿನ ಮುಂದೆ ಇಟ್ಟಳು.

“ನೋಡೇ ಸುಕ್ರಿ. ನಿಂದೇ ಕಣೇ.”

ಸುಕ್ರಿ ಮೂಸಿತು. ಅದರ ಮಟ್ಟಿಗೆ ಈ ಕರು ಎಲ್ಲಿಂದ ಬಂತೆಂಬುದೇ ತಿಳಿಯದ ಸಂಗತಿಯಿರಬೇಕು. ಮತ್ತೆ ಮೂಸಿತು. ನಾಲಿಗೆ ಹೊರಗೆ ಚಾಚಿ ಕರುವಿನ ಹಣೆಯನ್ನು ಒಮ್ಮೆ ನೆಕ್ಕಿತು. ಆಮೇಲೆ ಕಿವಿ, ಕುತ್ತಿಗೆ, ಬೆನ್ನು. ಬೆನ್ನಿನಿಂದಾಚೆಗೆ ನಾಲಿಗೆ ಎಟುಕಲಿಲ್ಲ. ಅಷ್ಟು ದೊಡ್ಡ ಕರು ಅದು. ಎಟುಕದ ಬಾಲದ ಕಡೆಯನ್ನು ನೆಕ್ಕಲೆಂದೇ ಸುಕ್ರಿ ಹಿಂಗಾಲು ಊರಿ, ತೂಗಾಡಿ, ಎದ್ದು ನಿಂತಿತು.

ನಾನು ಹೊಂಗೆ ಮರಕ್ಕೆ ಒರಗಿ ಕೂತುಬಿಟ್ಟೆ. ಸೂಜಿ ತೂರಿಸಿ ಮರಗಟ್ಟಿದ್ದ ಬೆರಳುಗಳಿಗೆ ಕಾಫಿ ಲೋಟ ಹಿಡಿಯಲೂ ಆಗಲಿಲ್ಲ. ಮನೆಯಾಕೆ ಪಕ್ಕದಲ್ಲಿ ಕೂತು ಲೋಟವನ್ನು ತಾನೇ ನನ್ನ ಬಾಯಿಗೆ ಹಿಡಿದಳು. ಅತ್ತ ನೆರಳಲ್ಲಿ ಮಲಗಿಸಿದ್ದ ರೈತ ಎದ್ದು ಕೂತು, “ಕುಯ್ದಾತಾ?” ಎಂದು ಕೇಳಿದ. ಅವನಿಗೆ ಆ ಊರಿನಲ್ಲಿ ಬಹಳ ದಿನ ಆ ಮಾತಿನಿಂದ ಬಿಡುಗಡೆ ಸಿಗಲಿಲ್ಲ.

ಸಾಯಂಕಾಲ ಪ್ರೊಫೆಸರಿಗೆ ಫೋನು ಮಾಡಿದೆ. ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ.

“ಗರ್ಭಕೋಶಕ್ಕೆ ಎಷ್ಟು ಸಾಲು ಹಾಕಿದಿರಿ?”

“ಎರಡು ಸರ್.”

“ಊಟ ಮಾಡಿದ್ರಾ?”

“ಇಲ್ಲ ಸರ್.”

“ಮೊದಲು ಊಟ ಮಾಡಿ,” ಎಂದು ಫೋನಿಟ್ಟರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಶಭಾಸ್‌ಗಿರಿಯನ್ನು ನಾನು ನಿರೀಕ್ಷಿಸಿರಲಿಲ್ಲ.

ಗಾಯ ಮಾಯುವ ತನಕ ದಿನವೂ ಹೋಗಿ ಇಂಜೆಕ್ಷನ್ನು ಕೊಟ್ಟು ಬಂದೆ. ನಡುವೆ ಒಂದೆರಡು ದಿನ ಸುಕ್ರಿಗೆ ಜ್ವರ ಬಂದು ನನ್ನ ನಿದ್ದೆ ಕೆಡಿಸಿತು, ತಾನಾಗಿ ಇಳಿಯಿತು. ಗಿಣ್ಣು ಮಾಡಿ ಊರಿಗೆಲ್ಲ ಹಂಚಿದ್ದಾಯಿತು. ಆಸ್ಪತ್ರೆಗೂ ಒಂದು ತಪ್ಪಲೆ ಬಂತು. ಗಂಡ ತನ್ನ ಹೊಸ ಪಂಚೆಯ ಕಿಂಡಿಯನ್ನು ಬೆಳಕಿಗೆ ಹಿಡಿದು ನೋಡಿ, “ಇದ್ರಾಗೇ ಬಂತಾ ಕರು?” ಎಂದು ಕೇಳಿ, ಮಡಚಿ ಎತ್ತಿಟ್ಟನಂತೆ. ಹೊಲಿಗೆ ಬಿಚ್ಚುವ ದಿನ ಮೈದುನ ತಾನೇ ಮುಂದೆ ನಿಂತು ಬಂದವರಿಗೆಲ್ಲ ವಿವರಿಸುತ್ತಿದ್ದ. ಅವನ ಕಥೆಯಲ್ಲಿ ಹುಲ್ಲಿನ ಕಡ್ಡಿಯ ಭಾಗ ದಿನದಿನಕ್ಕೆ ಉದ್ದವಾಗುತ್ತಿತ್ತು. ಸೂಜಿ ಹಾಕಿಸಲು ಹಸುಗಳು ಒಂದೊಂದಾಗಿ ಆಸ್ಪತ್ರೆಯ ಮುಂದೆ ಬಂದು ನಿಲ್ಲತೊಡಗಿದವು. ಸಣ್ಣ ಕಡಸುಗಳನ್ನು ನಾನು ಅಳೆದು ನೋಡಿ, ಇನ್ನೊಂದು ವರ್ಷ ಬಿಟ್ಟು ಬನ್ನಿ ಎಂದು ವಾಪಸು ಕಳಿಸುತ್ತಿದ್ದೆ.

ಅದಾಗಿ ಸ್ವಲ್ಪ ಕಾಲಕ್ಕೆ ಒಂದು ಬೆಳಿಗ್ಗೆ ಪಕ್ಕದ ಊರಿನಿಂದ ಒಬ್ಬ ಯಜಮಾನರು ಎತ್ತಿನಗಾಡಿ ಕಟ್ಟಿಕೊಂಡು ಬಂದರು. ಅವರ ಹಸುವೂ ಈಯಲಾರದೆ ಕಷ್ಟಪಡುತ್ತಿತ್ತು.

“ಒಟ್ಟೆ ಕುಯ್ದು ಕರು ತೆಗ್ಯೋ ಡಾಕ್ಟ್ರಮ್ಮ ನೀವೇನಾ?” ಎಂದು ಕೇಳಿ, ನಾನು ಹೌದೆನ್ನುವ ಮೊದಲೇ ಪೆಟ್ಟಿಗೆಯನ್ನು ಗಾಡಿಗೆ ಏರಿಸಿದರು.

ನಾವು ತಲುಪುವ ಹೊತ್ತಿಗೆ ಅಂಗಳದಲ್ಲಿ ಎಲ್ಲವೂ ಸಿದ್ಧವಾಗಿತ್ತು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಹುಲ್ಲಿನ ಕಂತೆಗಳನ್ನು ಬಲಗಡೆಗೇ ಹಾಸಿದ್ದರು. ಕುದಿಸಿ ಒಣಗಿಸಿದ ಪಂಚೆಗೆ ಕಿಂಡಿಯನ್ನೂ ಕತ್ತರಿಸಿಟ್ಟಿದ್ದರು. ಅಕ್ಕಪಕ್ಕದ ಊರುಗಳಿಂದ ಬಂದ ಜನ ಚಾಪೆ ಹಾಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು.

ನಾನು ಕೈ ತೊಳೆದು ಒಳಗೆ ನೋಡಿದೆ. ಕರುವಿನ ಒಂದು ಮುಂಗಾಲು ಮೊಣಕಾಲಲ್ಲಿ ಮಡಚಿ ಹಿಂದೆ ಉಳಿದುಬಿಟ್ಟಿತ್ತು, ಅಷ್ಟೇ. ಕರುವನ್ನು ಒಂದಿಷ್ಟು ಹಿಂದಕ್ಕೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕಾಲನ್ನು ನೇರ ಮಾಡಿದೆ. ಹಸು ಒಮ್ಮೆ ಜೋರಾಗಿ ತಿಣುಕಿತು. ಕರು ಜಾರಿ ನನ್ನ ತೋಳಿಗೇ ಬಂತು, ಬಂದದ್ದೇ ತಲೆ ಕೊಡವಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಎಲೆ ಅಡಿಕೆಯನ್ನು ಕೆನ್ನೆಯ ಒಂದು ಕಡೆಗೆ ಸರಿಸಿ, ಬಹಳ ಬೇಸರದಿಂದ ಕೇಳಿದಳು:

“ಅಷ್ಟೇನಾ ಡಾಕ್ಟ್ರಮ್ಮ? ಕುಯ್ಯಕಿಲ್ವಾ?”

“ಇವತ್ತು ಬ್ಯಾಡ ಅಜ್ಜಿ,” ಎಂದೆ ನಾನು.